ತೊಟ್ಟಿಲ ಹೆಸರು ಜನನಪತ್ರಕ್ಕೆ ಬಂದಾಗ

ನಟ ಧ್ರುವ ಸರ್ಜಾ ತಮ್ಮ ಇಬ್ಬರು ಮಕ್ಕಳಿಗೆ ರುದ್ರಾಕ್ಷಿ, ಹಯಗ್ರೀವ ಎಂದು ಹೆಸರಿಟ್ಟದ್ದು 2024ರ ಜನವರಿಯಲ್ಲಿ. ಹಯಗ್ರೀವ ಎಂದೊಡನೆ ಉಡುಪಿ ಕಡೆಯವರಿಗೆ ವಾದಿರಾಜರ ನೆನಪಾಗುತ್ತದೆ, ಬಾಳೆಲೆಯ ಮೇಲೆ ಬಡಿಸುವ ಕಡಲೆಬೇಳೆ ಬೆಲ್ಲದ ಸಿಹಿ ನೆನಪಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಸಿನಿಮಾ ನಟ ಇಂಥ ಹೆಸರನ್ನು ಮಗನಿಗೆ ಇಡುತ್ತಾನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಆಗ ಎರಡೇ ಅಕ್ಷರ ಇರಬೇಕು, ಕೇಳಿದವರಿಗೆ ಯಾವ ಊರಿನದು ಎಂದು ಗೊತ್ತಾಗಬಾರದು, ದೊಡ್ಡವನಾದ ಮೇಲೆ ಆಫೀಸಿನಲ್ಲಿ ಮುಜುಗರ ಆಗಬಾರದು ಎಂಬುದೇ ಹೆಸರಿನ ಲಕ್ಷಣವಾಗಿತ್ತು.

ಗಾಳಿ ತಿರುಗಿದೆ. ನಾಮಕರಣದ ಕರೆಯೋಲೆಗಳನ್ನು ನೋಡಿದರೆ ಸಾಕು. ಜಾನಕಿ, ಮೈಥಿಲಿ, ಗೌರಿ, ಅಹಲ್ಯಾ, ಶಾರದಾ, ಭಾಗೀರಥಿ. ಹುಡುಗರಲ್ಲಿ ರುದ್ರ, ಮಾಧವ, ಕೇಶವ, ಅಚ್ಯುತ. ನಮ್ಮ ತಾಯಂದಿರು 'ಹಳೇ ಕಾಲದ್ದು' ಎಂದು ಬದಿಗೆ ಸರಿಸಿದ ಹೆಸರುಗಳನ್ನು ಈಗಿನ ತಾಯಂದಿರು ಎರಡು ಕೈ ಚಾಚಿ ಕರೆದುಕೊಳ್ಳುತ್ತಿದ್ದಾರೆ. ನನಗೆ ಇದು ಸಂತೋಷದ ಸಂಗತಿ. ಆದರೆ ಸಂತೋಷದ ನಡುವೆ ಒಂದು ಮಾತು ಹೇಳಲೇಬೇಕು. ಮರಳಿ ಬರುತ್ತಿರುವ ಹೆಸರುಗಳಲ್ಲಿ ಹೆಚ್ಚಿನವು ಪುರಾಣದವು, ದೇವಸ್ಥಾನದ ಒಳಗಿನವು. ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದ, ಹೊಲದ ಬದುವಿನಲ್ಲಿ ನಿಂತಿದ್ದ ಹೆಸರುಗಳು ಇನ್ನೂ ಹೊಸ್ತಿಲ ಹೊರಗೇ ಇವೆ. ನೀಲವ್ವ, ಚೆನ್ನಮ್ಮ, ನಂಜಮ್ಮ, ಮಾದಪ್ಪ, ಬೊಮ್ಮಣ್ಣ, ಹೂವಯ್ಯ. ಇವೂ ಒಳಗೆ ಬರಬೇಕು ಎಂಬುದು ಈ ಲೇಖನದ ಒತ್ತಾಯ.

ಹಳೆಯ ಹೆಸರು ಹಿಂದಿರುಗುವುದು ನಮ್ಮಲ್ಲಷ್ಟೇ ನಡೆದದ್ದಲ್ಲ. ಇಂಗ್ಲೆಂಡಿನಲ್ಲಿ ಆರ್ಥರ್, ಐವಿ, ಫ್ಲಾರೆನ್ಸ್ ಎಂಬ ವಿಕ್ಟೋರಿಯಾ ರಾಣಿಯ ಕಾಲದ ಹೆಸರುಗಳು ಈಗ ಎಳೆಯ ಮಕ್ಕಳ ಹೆಸರಿನ ಪಟ್ಟಿಯಲ್ಲಿ ಮೇಲಿವೆ. ಎಲ್ಲ ಕಡೆಯೂ ಲೆಕ್ಕ ಒಂದೇ. ಅಪ್ಪ ಅಮ್ಮನ ವಯಸ್ಸಿನವರ ಹೆಸರು ನಮಗೆ ಸಪ್ಪೆ, ಅಜ್ಜ ಅಜ್ಜಿಯದು ಮುದುಕರ ಹೆಸರು, ಮುತ್ತಜ್ಜಿಯ ಹೆಸರಿಗೆ ಬರುವಷ್ಟರಲ್ಲಿ ಅದನ್ನು ಹೊತ್ತು ಓಡಾಡುವವರು ಯಾರೂ ಉಳಿದಿರುವುದಿಲ್ಲ. ಆಗ ಹೆಸರು ಮತ್ತೆ ಎಳೆಯದಾಗುತ್ತದೆ.

ಆದರೆ ನಮ್ಮ ನಾಡಿನಲ್ಲಿ ಹೆಸರು ಅಷ್ಟು ಕಾಲ ಕಾಯಬೇಕಾದದ್ದೇ ಇರಲಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಹೋಗುವುದು ಇಲ್ಲಿಯ ರೂಢಿ. ಹಿರಿಯರು ತೀರಿದ ವರ್ಷದಲ್ಲೇ ಮನೆಯಲ್ಲಿ ಕೂಸು ಹುಟ್ಟಿದರೆ 'ಅಜ್ಜನೇ ಹುಟ್ಟಿ ಬಂದಾನ' ಎನ್ನುತ್ತಾರೆ, ಬೇರೆ ಹೆಸರಿನ ಮಾತೇ ಏಳುವುದಿಲ್ಲ.

ಕಿವಿಯಲ್ಲಿ ಹೇಳುವ ಹೆಸರು

ಧಾರವಾಡ, ಗದಗ, ಬಾಗಲಕೋಟೆ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನವನ್ನು ನೋಡಬೇಕು. ತೊಟ್ಟಿಲಿಗೆ ಕೌದಿ ಹಾಸಿರುತ್ತಾರೆ. ಅದರೊಳಗೆ ಮೊದಲು ಮಲಗುವುದು ಒಳಕಲ್ಲಿನ ಗುಂಡುಕಲ್ಲು. ಕಲ್ಲಿಗೆ ಕುಂಚಿಗೆ ತೊಡಿಸಿ, ಕುಂಕುಮ ಹಚ್ಚಿ, ಗುಂಡಪ್ಪ ಎಂದು ಕರೆದು, ತೊಟ್ಟಿಲ ಎರಡೂ ಬದಿಗೆ ನಿಂತ ಹೆಂಗಸರು ಅದನ್ನು ಮೇಲಿನಿಂದ ಕೊಟ್ಟು ಕೆಳಗಿನಿಂದ ತೆಗೆದುಕೊಳ್ಳುತ್ತಾರೆ. ಕೂಸೂ ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂಬ ಹಾರೈಕೆ. ಆಮೇಲೆ ಕೂಸಿನ ಸರದಿ. ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುತ್ತಾಳೆ. ಹೇಳಿ ತಲೆ ಎತ್ತುವಷ್ಟರಲ್ಲಿ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದು ಹಾಕಿ ನಗುತ್ತಾರೆ. ಮನೆ ತುಂಬ ಗುಗ್ಗರಿ ಹಂಚುತ್ತಾರೆ. ಹಳೇ ಮೈಸೂರಿನ ಕೆಲವು ಮನೆಗಳಲ್ಲಿ ಇಷ್ಟು ಗದ್ದಲವಿಲ್ಲ. ತಟ್ಟೆಯಲ್ಲಿ ಅಕ್ಕಿ ಹರಡಿ, ತಂದೆ ಚಿನ್ನದ ಉಂಗುರದಿಂದ ಅದರ ಮೇಲೆ ಹೆಸರು ಬರೆಯುತ್ತಾನೆ. ಅಲ್ಲಿಯೂ ಹೆಸರು ಒಂದೇ ಅಲ್ಲ: ಮಾಸನಾಮ, ನಕ್ಷತ್ರನಾಮ, ಕೊನೆಗೆ ವ್ಯವಹಾರಕ್ಕೆ ಒಂದು ಹೆಸರು.

ಹೀಗೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದಕ್ಕಿಂತ ಹೆಚ್ಚು ಹೆಸರು. ತೊಟ್ಟಿಲ ಹೆಸರು ಅಜ್ಜನದು. ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಗಂಡನ ಹೆಸರು ಹೇಳಲೂ ಒಡಪು ಕಟ್ಟಬೇಕಾದ ಕಾಲ ಅದು. ಹಾಗಾಗಿ ಸ್ವಂತ ಮಗನನ್ನು ಅಮ್ಮ ಅಪ್ಪಿ ಎನ್ನುತ್ತಾಳೆ, ತಮ್ಮಾ ಎನ್ನುತ್ತಾಳೆ, ಪುಟ್ಟಾ ಎನ್ನುತ್ತಾಳೆ. ಅಜ್ಜಿ ಮಾತ್ರ ಗಂಡನ ಹೆಸರಿನ ಮೊಮ್ಮಗನನ್ನು 'ಯಜಮಾನ್ರು ಎದ್ದರೇನ್ರವ್ವಾ?' ಎಂದು ಕೇಳುತ್ತಾಳೆ. ಅವನು ಶಾಲೆಗೆ ಹೊರಟ ದಿನ ಇನ್ನೊಂದು ಹೆಸರು ಹುಟ್ಟುತ್ತದೆ. ಸೇರಿಸಲು ಹೋದ ಚಿಕ್ಕಪ್ಪನೋ ಮೇಷ್ಟರೋ 'ಚೆಂದದ್ದು ಒಂದು ಬರೀರಿ' ಎಂದು ರಮೇಶ, ಸುರೇಶ ಎಂದು ಬರೆಸಿಬಿಡುತ್ತಾರೆ. ಮುಂದೆ ಅಂಕಪಟ್ಟಿ, ಕೆಲಸ, ಪಿಂಚಣಿ ಎಲ್ಲದರಲ್ಲೂ ಆ ಹೆಸರೇ. ತೊಟ್ಟಿಲ ಹೆಸರು ಮನೆಯೊಳಗೆ ಉಳಿದುಕೊಳ್ಳುತ್ತದೆ.

ಇದಕ್ಕೆ ನಾಡಿಗೆಲ್ಲ ಗೊತ್ತಿರುವ ಮನೆಯಲ್ಲೇ ಸಾಕ್ಷಿ ಇದೆ. ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ. ಹಿರಿಯ ಮಗ ಹುಟ್ಟಿದಾಗ ಇಟ್ಟ ಹೆಸರು ನಾಗರಾಜು ಶಿವಪುಟ್ಟಸ್ವಾಮಿ. ಅಜ್ಜ ಮೊಮ್ಮಗನ ಹೆಸರಿನೊಳಗೆ ಬಂದು ಕೂತಿದ್ದಾರೆ. ಪರದೆಗೆ ಬರುವ ಹೊತ್ತಿಗೆ ಆ ಮೊಮ್ಮಗ ಶಿವರಾಜ್‌ಕುಮಾರ್.

ಆದ್ದರಿಂದ ಹಳೆಯ ಹೆಸರು ಸತ್ತು ಈಗ ಎದ್ದು ಬರುತ್ತಿದೆ ಎನ್ನುವುದು ಪೂರ್ತಿ ನಿಜವಲ್ಲ. ಅದು ತೊಟ್ಟಿಲಲ್ಲೇ ಇತ್ತು. ಈಗ ಆಗುತ್ತಿರುವುದು ಇಷ್ಟೇ: ಒಬ್ಬ ತಾಯಿ, ಒಬ್ಬ ತಂದೆ, ಮನೆಯೊಳಗೆ ಹೇಳುವ ಹೆಸರನ್ನೇ ಜನನಪತ್ರದಲ್ಲೂ ಬರೆಸುವ ಧೈರ್ಯ ಮಾಡಿದ್ದಾರೆ. ಇದು ಸಣ್ಣ ಧೈರ್ಯವಲ್ಲ.

ಹೆಸರಿನಿಂದ ಊರು ಹೇಳುತ್ತಿದ್ದ ಕಾಲ

ಹಿಂದಿನವರಿಗೆ ಒಬ್ಬರ ಹೆಸರು ಕೇಳಿದರೆ ಸಾಕು, ಸೀಮೆ ಗೊತ್ತಾಗುತ್ತಿತ್ತು. ಮಾದಪ್ಪ, ಮಾದೇವ, ಮಾದಮ್ಮ ಎಂದರೆ ಮಲೆ ಮಹದೇಶ್ವರ ಬೆಟ್ಟದ ಒಕ್ಕಲು, ಚಾಮರಾಜನಗರ, ಕೊಳ್ಳೇಗಾಲದ ಕಡೆಯವರು. ನಂಜಪ್ಪ, ನಂಜುಂಡ, ನಂಜಮ್ಮ ಎಂದರೆ ಕಪಿಲೆಯ ದಡದ ನಂಜನಗೂಡು. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಎಂದರೆ ಚಿತ್ರದುರ್ಗದ ನಾಯಕನಹಟ್ಟಿ ತೇರು ಕಣ್ಣಿಗೆ ಬರುತ್ತದೆ. ಯಲ್ಲಪ್ಪ, ಯಲ್ಲವ್ವ ಎಂದರೆ ಸವದತ್ತಿಯ ಗುಡ್ಡ. ಹುಲಿಗೆಮ್ಮ ಎಂದರೆ ತುಂಗಭದ್ರೆಯ ದಂಡೆಯ ಹುಲಿಗಿ. ಶರಣಪ್ಪ, ಶರಣಮ್ಮ ಎಂದರೆ ಕಲಬುರಗಿಯ ಶರಣಬಸವೇಶ್ವರರು. ಕರ್ನಾಟಕದ ನಕಾಶೆಯನ್ನು ಯಾರೂ ಕಾಗದದ ಮೇಲೆ ಬರೆಯದೆ ಮಕ್ಕಳ ಮೇಲೆಯೇ ಬರೆದಿಟ್ಟಂತಿತ್ತು.

ಇದರಲ್ಲಿ ನನಗೆ ಬಹಳ ಅಮೂಲ್ಯ ಅನ್ನಿಸುವುದು ಇನ್ನೊಂದು ಬಗೆ. ಗದಗ, ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಹುಸೇನಪ್ಪ, ಹುಸೇನವ್ವ, ಫಕ್ಕೀರಪ್ಪ, ಫಕ್ಕೀರವ್ವ, ಲಾಲಪ್ಪ ಎಂಬ ಹೆಸರಿನ ಹಿಂದೂಗಳು ಇದ್ದಾರೆ. ಮಕ್ಕಳಾಗದವರು, ಮಕ್ಕಳು ಉಳಿಯದವರು ಮೊಹರಮ್ಮಿನ ಪಂಜಾಗಳಿಗೆ, ದರ್ಗಾಕ್ಕೆ, ಶಿರಹಟ್ಟಿಯ ಫಕ್ಕೀರೇಶ್ವರ ಮಠಕ್ಕೆ ಹರಕೆ ಹೊತ್ತು ಪಡೆದ ಮಕ್ಕಳ ಹೆಸರು ಇವು. ಎರಡು ನಂಬಿಕೆಗಳು ಒಂದೇ ಹೆಸರಿನಲ್ಲಿ ಒಕ್ಕಲಾಗಿವೆ. ಶಿಶುನಾಳ ಶರೀಫರನ್ನು ಗೋವಿಂದಭಟ್ಟರು ಶಿಷ್ಯನೆಂದು ಒಪ್ಪಿಕೊಂಡ ನಾಡಿನಲ್ಲಿ ಇಂಥ ಹೆಸರು ಹುಟ್ಟದೆ ಇನ್ನೆಲ್ಲಿ ಹುಟ್ಟೀತು? ಹಳೆಯದು ಬೇಕು ಎಂದು ಹೊರಟವರು ಇದನ್ನು ಬಿಟ್ಟು ಮುಂದೆ ಹೋದರೆ ನಮ್ಮ ಹಳೆಯದರಲ್ಲಿ ಅತ್ಯಂತ ಒಳ್ಳೆಯದನ್ನೇ ಬಿಟ್ಟಂತೆ.

ಈ ಹೆಸರುಗಳು ಹೇಗೆ ಜಾರಿಹೋದವು? ಕುಪ್ಪಳಿಯ ಒಂದು ಮನೆತನದ ನಾಲ್ಕು ತಲೆಮಾರು ನೋಡಿದರೆ ಒಂದು ಶತಮಾನದ ಕಥೆ ತಿಳಿಯುತ್ತದೆ. ವೆಂಕಟಪ್ಪ, ಸೀತಮ್ಮನವರ ಮಗ ಪುಟ್ಟಪ್ಪ. 1904ರಲ್ಲಿ ಹುಟ್ಟಿದ ಆ ಪುಟ್ಟಪ್ಪ ಕುವೆಂಪು ಆಗಿ, 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದು ಹೆಸರಿಟ್ಟರು. ತೇಜಸ್ವಿಯವರ ಮಕ್ಕಳು ಸುಸ್ಮಿತಾ, ಈಶಾನ್ಯೆ. ಕಾವ್ಯದ ಹೆಸರು, ಬಂಗಾಳದ ಕಡೆಯಿಂದ ಬೀಸಿದ ಗಾಳಿಯ ಹೆಸರು, ಸ್ವಾತಂತ್ರ್ಯ ಚಳವಳಿಯ ಭಾರತಿ, ಸುಭಾಷ್, ಆಮೇಲೆ ಕಲ್ಪನಾ, ಆರತಿ, ಮಂಜುಳಾ ಎಂಬ ಬೆಳ್ಳಿತೆರೆಯ ಹೆಸರು, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು. ಇವು ಯಾವುವೂ ಕೆಟ್ಟವಲ್ಲ. ಕುವೆಂಪು ತಮ್ಮ 'ಕಾನೂರು ಹೆಗ್ಗಡಿತಿ'ಯ ನಾಯಕನಿಗೆ ಹೂವಯ್ಯ ಎಂದೇ ಹೆಸರಿಟ್ಟರು ಎಂಬುದನ್ನೂ ಮರೆಯಬಾರದು. ಹೂವಯ್ಯ! ಇಷ್ಟು ಮೃದುವಾದ ಗಂಡುಹೆಸರು ಇನ್ನೊಂದು ಇದೆಯೇ?

ಸಿನಿಮಾದಿಂದ ಹೆಸರು ಹೋದದ್ದೂ ಉಂಟು, ಬಂದದ್ದೂ ಉಂಟು. ಹೊಯ್ಸಳರ ಬಿಟ್ಟಿದೇವ ವಿಷ್ಣುವರ್ಧನನಾದದ್ದು 12ನೇ ಶತಮಾನದ ಮಾತು. 1972ರಲ್ಲಿ 'ನಾಗರಹಾವು' ತೆಗೆಯುವಾಗ ಪುಟ್ಟಣ್ಣ ಕಣಗಾಲರು ಸಂಪತ್ ಕುಮಾರ್ ಎಂಬ ಯುವಕನಿಗೆ ಆ ರಾಜನ ಹೆಸರನ್ನು ಕೊಟ್ಟರು. ಶಾಸನದಲ್ಲಿ ಮಲಗಿದ್ದ ಹೆಸರು ಊರೂರಿನ ಗೋಡೆಗಳ ಮೇಲೆ ಎದ್ದು ನಿಂತಿತು. ಅಭಿಮಾನಿಗಳು ತಮ್ಮ ಮಕ್ಕಳಿಗೂ ಇಟ್ಟರು.

ತಿಮ್ಮನಿಗೆ ಆದ ಅನ್ಯಾಯ

ಆದರೆ ಅದೇ ಬೆಳ್ಳಿತೆರೆ, ಅದೇ ನಾಟಕದ ರಂಗ, ಅದೇ ವಾರಪತ್ರಿಕೆಯ ನಗೆಹನಿ ಎಷ್ಟೋ ಹೆಸರುಗಳನ್ನು ನಗೆಪಾಟಲಿಗೆ ಈಡುಮಾಡಿದವು. ಮನೆಗೆಲಸದವಳು ಎಂದರೆ ಕೆಂಪಿ, ಪೆದ್ದ ಆಳು ಎಂದರೆ ತಿಮ್ಮ, ತಿಂಡಿಪೋತ ಹುಡುಗ ಎಂದರೆ ಗುಂಡ. ತರಗತಿಯಲ್ಲಿ ತಿಮ್ಮಪ್ಪ ಎಂದು ಹಾಜರಿ ಕರೆದರೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಆ ನಗುವನ್ನು ತಿಂದ ಹುಡುಗ ದೊಡ್ಡವನಾಗಿ ತನ್ನ ಮಗನಿಗೆ ಆ ಹೆಸರು ಇಟ್ಟಾನೇ?

ತಿಮ್ಮ ಎಂಬ ಹೆಸರಿನ ಘನತೆ ಎಷ್ಟು ದೊಡ್ಡದು ಎಂದು ಒಮ್ಮೆ ಯೋಚಿಸಬೇಕು. ಅದು ತಿರುಮಲೆಯ ತಿಮ್ಮಪ್ಪನ ಹೆಸರು. ಕೃಷ್ಣದೇವರಾಯನನ್ನು ಸಿಂಹಾಸನದ ಮೇಲೆ ಕೂರಿಸಿ ವಿಜಯನಗರವನ್ನು ನಡೆಸಿದ ಮಂತ್ರಿ ತಿಮ್ಮರಸು. ಸ್ವತಂತ್ರ ಭಾರತದ ಸೇನೆಯನ್ನು 1957ರಿಂದ 1961ರ ತನಕ ಮುನ್ನಡೆಸಿದವರು ಕೊಡಗಿನ ಜನರಲ್ ತಿಮ್ಮಯ್ಯ. ಡಿ.ವಿ. ಗುಂಡಪ್ಪನವರು ಬಾಳಿನ ದೊಡ್ಡ ಪ್ರಶ್ನೆಗಳನ್ನೆಲ್ಲ 1943ರಲ್ಲಿ ಒಬ್ಬ ತಿಮ್ಮನ ಬಾಯಲ್ಲೇ ಆಡಿಸಿದರು. ಆ ಗ್ರಂಥ ಕನ್ನಡಿಗರ ಮನೆಮನೆಯಲ್ಲಿದೆ. ಹಾಗೆಯೇ ಗುಂಡಪ್ಪ ಎಂಬ ಅವರ ಹೆಸರನ್ನೂ ಗೌರವದಿಂದ ಹೇಳುತ್ತೇವೆ. ಬೀಚಿಯವರ ತಿಂಮ ನಗಿಸಿದ್ದು ನಿಜ, ಆದರೆ ಲೋಕದ ಡಂಭವನ್ನು ಬಯಲಿಗೆಳೆಯುವವನು ಅವನೇ. ಕುದೂರು, ಹುಲಿಕಲ್ಲಿನ ನಡುವಿನ ರಸ್ತೆಯ ಇಕ್ಕೆಲದಲ್ಲಿ ಆಲದ ಮರಗಳನ್ನು ನೆಟ್ಟು, ನೀರು ಹೊತ್ತು ಮಕ್ಕಳಂತೆ ಸಾಕಿ, 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನ ಹೆಸರಿನಲ್ಲಿಯೂ ಅದೇ ತಿಮ್ಮ. ಇಷ್ಟು ಜನ ಹೊತ್ತ ಹೆಸರನ್ನು ನಗೆಹನಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿದ್ದೇವೆ ಎಂಬುದು ನನಗೆ ನೋವಿನ ಸಂಗತಿ.

ಎಲ್ಲ ಹಳೆಯದೂ ಒಂದೇ ಅಲ್ಲ

ಇಲ್ಲಿ ನಿಂತು ಇನ್ನೊಂದು ನೋವನ್ನೂ ನೋಡಬೇಕು. ಹಳೆಯ ಹೆಸರುಗಳಲ್ಲಿ ಎಲ್ಲವೂ ಪ್ರೀತಿಯಿಂದ ಇಟ್ಟವಲ್ಲ.

ಭಯದಿಂದ ಇಟ್ಟವು ಇವೆ. ಹೆತ್ತ ಮಕ್ಕಳು ಒಂದರ ಹಿಂದೆ ಒಂದು ಕಣ್ಣುಮುಚ್ಚಿದ ಮನೆಯಲ್ಲಿ ಮತ್ತೊಂದು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪ, ತಿಪ್ಪಮ್ಮ ಎಂದರು. ಕಲ್ಲಪ್ಪ, ಹುಚ್ಚಯ್ಯ, ಅಡಿವೆಪ್ಪ ಎಂದು ಕರೆದರು. ಯಾರ ಕಣ್ಣೂ ಬೀಳದಿರಲಿ, ಸಾವಿಗೂ ಈ ಕೂಸು ಬೇಡವೆನಿಸಲಿ ಎಂದು. ಆ ಹೆಸರಿನ ಹಿಂದಿರುವುದು ಮಗುವನ್ನು ಉಳಿಸಿಕೊಳ್ಳಲು ಏನು ಬೇಕಾದರೂ ಮಾಡುತ್ತಿದ್ದ ತಾಯಿಯ ಸಂಕಟ. ಹೆಣ್ಣು ಹುಟ್ಟಿದ್ದು ಇನ್ನು ಸಾಕು ಎಂದು ಸಾಕಮ್ಮ, ಸಾಕವ್ವ ಎಂದು ಇಟ್ಟದ್ದೂ ಇದೆ. ಅದು ಬೇರೆಯೇ ಬಗೆಯ ಕಥೆ. ಆದರೆ ಬೆಂಗಳೂರಿನ ಒಬ್ಬ ಸಾಕಮ್ಮ ಹಳೇ ಮೈಸೂರು ಸಂಸ್ಥಾನದ ಕಾಲದಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತು, ಆ ಹೆಸರನ್ನು ಊರಿಗೆ ಊರೇ ಗುರುತಿಸುವಂತೆ ಮಾಡಿದರು.

ಇನ್ನು ಅಧಿಕಾರದಿಂದ ಹೇರಿದ ಹೆಸರುಗಳು. ತುಳುನಾಡಿನಲ್ಲಿ ದಲಿತರ ಮಕ್ಕಳಿಗೆ ಹುಟ್ಟಿದ ವಾರವೇ ಹೆಸರಾಗುತ್ತಿತ್ತು. ಭಾನುವಾರ ಹುಟ್ಟಿದವನು ಐತ, ಸೋಮವಾರದವನು ಚೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಮೇಲಿನವರ ಮನೆಯಲ್ಲಿ ಇಡುವ ದೇವರ ಹೆಸರನ್ನು ಕೆಳಗಿನವರು ಇಡುವಂತಿರಲಿಲ್ಲ. ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯ ಚೋಮ, ಗೇಯಲು ಒಂದು ತುಂಡು ಭೂಮಿಯನ್ನಷ್ಟೇ ಬಯಸಿ ಅದೂ ಸಿಗದೆ ಹೋದವನು. ಅವನ ಹೆಸರೂ ಒಂದು ವಾರದ ಹೆಸರೇ. ಶನಿವಾರದ ಮಗು ತನಿಯ ಇಂದು ಕೊರಗಜ್ಜನಾಗಿ ಕರಾವಳಿಯುದ್ದಕ್ಕೂ ಎಲ್ಲ ಜಾತಿಯವರಿಂದ ಕೈಮುಗಿಸಿಕೊಳ್ಳುತ್ತಿದ್ದಾನೆ. ಮಂಗಳವಾರದ ಹೆಸರಿನ ಎಸ್. ಅಂಗಾರ ಸುಳ್ಯದಿಂದ ಆರು ಸಲ ಶಾಸಕರಾಗಿ ಗೆದ್ದು ಮಂತ್ರಿಯೂ ಆದರು. ಅಂಕೋಲೆಯ ಹಾಲಕ್ಕಿಗಳ ಹಾಡಿನ ಕಣಜವೇ ಆಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರ ಹೆಸರಿನಲ್ಲೂ ಒಂದು ಶುಕ್ರವಾರ ಇದೆ. ಹಾಲಕ್ಕಿಗಳು ಅದನ್ನು ತಮ್ಮ ಪದ್ಧತಿಯಾಗಿಯೇ ಉಳಿಸಿಕೊಂಡು ಬಂದವರು.

ಹೀಗಿರುವಾಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತ ಒಬ್ಬರಿಗೆ ತುಕ್ರ ಎಂಬ ಹೆಸರು ಮಣ್ಣಿನ ವಾಸನೆಯದು ಅನ್ನಿಸಬಹುದು. ಅದನ್ನು ಹೊತ್ತು ಅಂಗಳದ ಆಚೆ ನಿಂತವರ ಮೊಮ್ಮಗನಿಗೆ ಹಾಗೆ ಅನ್ನಿಸಬೇಕಿಲ್ಲ. ಅವನು ತನ್ನ ಮಗನಿಗೆ ಸಿದ್ಧಾರ್ಥ, ಗೌತಮ, ರಾಹುಲ ಎಂದು, ಮಗಳಿಗೆ ಸುಜಾತಾ, ಯಶೋಧರಾ ಎಂದು ಹೆಸರಿಡುತ್ತಾನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಈ ಹೆಸರುಗಳು ಕರ್ನಾಟಕದ ಕೇರಿಗಳಿಗೂ ಬೆಳಕಿನಂತೆ ಬಂದವು. ಎರಡೂವರೆ ಸಾವಿರ ವರ್ಷ ಹಿಂದಿನ ಹೆಸರುಗಳು ಇವು. ಹಳೆಯ ಹೆಸರಿನ ಪುನರುಜ್ಜೀವನ ಎಂದರೆ ಈ ನಾಡು ಕಂಡ ದೊಡ್ಡ ಪ್ರಸಂಗ ಇದೇ, ಮತ್ತು ಅದು ಫ್ಯಾಶನ್ನಿಗಾಗಿ ಆದದ್ದಲ್ಲ. ಯಾವ ಹೆಸರನ್ನು ಎತ್ತಿಕೊಳ್ಳಬೇಕು, ಯಾವುದನ್ನು ಅಲ್ಲೇ ಬಿಡಬೇಕು ಎಂದು ಹೇಳುವ ಹಕ್ಕು ಆ ಹೆಸರನ್ನು ಹೊತ್ತವರ ಮಕ್ಕಳಿಗೇ ಸೇರಿದ್ದು.

ರನ್ನನ ಮನೆಯ ನಾಮಕರಣ

ಈಗಿನ ತಂದೆ ತಾಯಿಯರ ಬೇಡಿಕೆಗಳು ನನಗೆ ಗೊತ್ತು. ಹೆಸರು ಚಿಕ್ಕದಿರಬೇಕು. ವಿದೇಶದಲ್ಲಿ ನಾಲಿಗೆ ತಡವರಿಸಬಾರದು. ಶಾಲೆಯಲ್ಲಿ ಅದೇ ಹೆಸರಿನವರು ಇನ್ನಿಬ್ಬರು ಇರಬಾರದು. ಪುರೋಹಿತರು ಕೊಟ್ಟ ನಕ್ಷತ್ರದ ಅಕ್ಷರದಿಂದಲೇ ಶುರುವಾಗಬೇಕು. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರಗಳ ಆ ಚಕ್ರದಲ್ಲಿ ಅಶ್ವಿನಿಯಾದರೆ ಚು, ಚೆ, ಚೋ, ಲಾ. 'ಚೆ'ಯಿಂದ ಏನು ಸಿಗುತ್ತದೆ ಎಂದು ಮೊಬೈಲಿನಲ್ಲಿ ರಾತ್ರಿಯೆಲ್ಲ ತಡಕಾಡಿ, ಯಾವ ಭಾಷೆಯದೆಂದೇ ತಿಳಿಯದ ಒಂದು ಹೆಸರನ್ನು ಆರಿಸಿ, ಅದಕ್ಕೆ 'ದೇವರ ಉಡುಗೊರೆ' ಎಂಬ ಅರ್ಥವನ್ನೂ ಅಲ್ಲಿಯೇ ಓದಿ ಸಮಾಧಾನಪಡುತ್ತಾರೆ. ಚೆಲುವ, ಚೆನ್ನ, ಚೆಲುವಿ, ಚೆನ್ನಿ ಎದುರಿಗೇ ಇದ್ದವು.

ಚಿಕ್ಕ ಹೆಸರೇ ಬೇಕೆಂದರೆ ಹಳಗನ್ನಡಕ್ಕಿಂತ ಚಿಕ್ಕದು ಎಲ್ಲಿ ಸಿಗುತ್ತದೆ? ಪಂಪ, ಪೊನ್ನ, ರನ್ನ, ಜನ್ನ. ಕನ್ನಡದ ಮೊದಲ ಸಾಲಿನ ಈ ಕವಿಗಳೆಲ್ಲ ಎರಡಕ್ಷರದವರು. ಹೆಸರಿನ ಕೊನೆಯ ಅಪ್ಪ, ಅಮ್ಮ, ಅಣ್ಣ, ಅಕ್ಕ, ಅವ್ವ ಎಂಬುದು ಗೌರವಕ್ಕೆ, ಪ್ರೀತಿಗೆ ಜೊತೆಗೂಡಿದ ಮಾತು. ನೀಲವ್ವನಲ್ಲಿ ನೀಲ ಇದ್ದಾಳೆ, ಗಂಗವ್ವನಲ್ಲಿ ಗಂಗೆ ಇದ್ದಾಳೆ, ಬಸಪ್ಪನಲ್ಲಿ ಬಸವ ಇದ್ದಾನೆ. ಮಗಳಿಗೆ ನೀಲಾ ಎಂದು ಇಡಿ, ಅಜ್ಜಿ ನೀಲವ್ವ ಎಂದೇ ಕರೆಯಲಿ. ಯಾರಿಗೂ ನಷ್ಟವಿಲ್ಲ.

ರನ್ನನ ಮಾತು ಬಂತಲ್ಲ. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದುವ ಹಸಿವಿನಿಂದ ಮನೆಬಿಟ್ಟು ಹೋದ ಅವನಿಗೆ ಆಸರೆಯಾದವರಲ್ಲಿ ಇಬ್ಬರು ಮುಖ್ಯರು: ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ, ಮತ್ತು ದಾನಚಿಂತಾಮಣಿ ಅತ್ತಿಮಬ್ಬೆ. ತನಗೆ ಮಕ್ಕಳಾದಾಗ ರನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಸಾವಿರ ವರ್ಷದ ಹಿಂದೆ ಒಬ್ಬ ಕನ್ನಡ ಕವಿಯ ಮನೆಯಲ್ಲಿ ಆದ ನಾಮಕರಣ ಇದು. ಋಣ ತೀರಿಸಲು ಅವನ ಬಳಿ ಕಾವ್ಯ ಇತ್ತು. ಆದರೂ ಮಗಳನ್ನು ದಿನಕ್ಕೆ ಹತ್ತು ಸಲ ಕರೆಯುವಾಗಲೆಲ್ಲ ಆ ತಾಯಿಯನ್ನು ನೆನೆಯುವ ದಾರಿಯನ್ನೂ ಕಂಡುಕೊಂಡ.

ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ವನ್ನು ತಾಳೆಗರಿಯ ಮೇಲೆ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು. ಆಕೆಯ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತದೆ. ಪ್ರಶಸ್ತಿಗೆ ಇಡುವ ಹೆಸರನ್ನು ಮಗಳಿಗೆ ಇಡಲು ಏಕೆ ಹಿಂಜರಿಯುತ್ತೇವೆ? ಉಳ್ಳಾಲದ ರಾಣಿ ಅಬ್ಬಕ್ಕ 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದಳು. ಆಕೆಯ ಹೆಸರಿನ ಗಸ್ತು ಹಡಗು 2012ರಲ್ಲಿ ಕರಾವಳಿ ಕಾವಲು ಪಡೆಗೆ ಸೇರಿತು. ಹಡಗಿಗೆ ಒಪ್ಪಿದ ಹೆಸರು ಹುಡುಗಿಗೆ ಒಪ್ಪುವುದಿಲ್ಲವೇ? 12ನೇ ಶತಮಾನದ ಶರಣೆಯರ ಸಾಲಿನಲ್ಲಿ ಸತ್ಯಕ್ಕ, ಮುಕ್ತಾಯಕ್ಕ, ಲಕ್ಕಮ್ಮ, ಕೇತಲದೇವಿ, ಕಾಳವ್ವೆ, ನಾಗಮ್ಮ ಇದ್ದಾರೆ. ಒಬ್ಬೊಬ್ಬರೂ ಕೆಲಸ ಮಾಡಿ ಉಂಡವರು, ಗಂಡನಿಗೂ ಗುರುವಿಗೂ ತಪ್ಪನ್ನು ತಪ್ಪೆಂದವರು. ಮಗಳು ಹೇಗೆ ಬೆಳೆಯಲಿ ಎಂದು ನಾವು ಬಯಸುತ್ತೇವೋ ಹಾಗೆ ಬದುಕಿದವರು.

ಒಂದು ಹೆಸರಂತೂ ಎಲ್ಲ ಅಡ್ಡಿಗಳನ್ನೂ ದಾಟಿ ಬಂದಿದೆ: ಸಿರಿ. ತುಳುನಾಡಿನ ಪಾಡ್ದನದ ನಾಯಕಿ ಆಕೆ. ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ನಮ್ಮ ವಿದ್ವಾಂಸರು ದಾಖಲಿಸಿ 1998ರಲ್ಲಿ ಅಚ್ಚು ಹಾಕಿದಾಗ ಅದು 15,683 ಸಾಲು ಆಯಿತು. ತನ್ನನ್ನು ಅವಮಾನಿಸಿದ ಗಂಡನನ್ನು ಬಿಟ್ಟು ಹೊರಟ ಹೆಣ್ಣು ಸಿರಿ. ಇಂದು ಆ ಹೆಸರಿನ ಪುಟ್ಟ ಹುಡುಗಿಯರು ಬೀದರಿನಿಂದ ಬೆಂಗಳೂರಿನವರೆಗೆ ಇದ್ದಾರೆ. ಫೋನಿನ ಒಳಗಿನ ದನಿಗೂ ಅದೇ ಹೆಸರು ಬಂದದ್ದು 2011ರಲ್ಲಿ. ನಮ್ಮ ಹುಡುಗಿಯರು ಅದಕ್ಕಿಂತ ಬಹಳ ಹಿಂದಿನವರು ಎಂಬುದನ್ನು ಅವರಿಗೆ ಹೇಳಿಕೊಡಬೇಕು.

ಎರಡು ಹೆಸರಿನ ದಾರಿ

ಹಳೆಯದನ್ನು ಬಿಡದೆ ಹೊಸದನ್ನು ಸೇರಿಸಿಕೊಳ್ಳುವುದು ಹೇಗೆ ಎಂದು ಕೊಡಗಿನವರನ್ನು ನೋಡಿ ಕಲಿಯಬಹುದು. ರೋಹನ್ ಬೋಪಣ್ಣ, ಅಶ್ವಿನಿ ಪೊನ್ನಪ್ಪ, ಜೋಶ್ನಾ ಚಿನ್ನಪ್ಪ: ಮುಂದಿನ ಹೆಸರು ಎಲ್ಲಿಯದಾದರೂ ಇರಲಿ, ಹಿಂದೆ ಅಪ್ಪಟ ಕೊಡವ ಹೆಸರು. 43ನೇ ವಯಸ್ಸಿನಲ್ಲಿ ಬೋಪಣ್ಣ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಮೆಲ್ಬರ್ನಿನ ಫಲಕದ ಮೇಲೆ ಆ 'ಅಣ್ಣ' ಬೆಳಗಿತು. ಇನ್ನು ಎಂ.ಆರ್. ಪೂವಮ್ಮ ಹುಟ್ಟಿದ್ದು 1990ರಲ್ಲಿ. ಅವಳ ಓರಗೆಯವರೆಲ್ಲ ಪ್ರಿಯಾಂಕಾ, ಐಶ್ವರ್ಯಾ ಆಗುತ್ತಿದ್ದ ಕಾಲಕ್ಕೆ ಅವಳು ಪೂವಮ್ಮ ಆಗಿಯೇ ಓಡಿ, 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳ ರಿಲೇಯಲ್ಲಿ ಚಿನ್ನ ತಂದಳು. ಮೈಸೂರು ರಾಜಮನೆತನದವರೂ ಇದೇ ದಾರಿ ಹಿಡಿದಿದ್ದಾರೆ. 2017ರಲ್ಲಿ ಹುಟ್ಟಿದ ಮಗುವಿಗೆ ಆದ್ಯವೀರ ಎಂಬ ಹೊಸ ಹೆಸರು, ಅದರ ಜೊತೆಗೇ ನರಸಿಂಹರಾಜ ಎಂಬ ಹಳೆಯದು.

ಕಾಗದಪತ್ರದ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಎಷ್ಟೋ ಒಳ್ಳೆಯ ಹೆಸರುಗಳು ಅವಸರದಲ್ಲಿ ಬಿದ್ದುಹೋಗುತ್ತವೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ಜನನವನ್ನು ನೋಂದಾಯಿಸಬೇಕು. ಆದರೆ ಆಗಲೇ ಹೆಸರು ಕೊಡಬೇಕೆಂದಿಲ್ಲ. ಹನ್ನೆರಡು ತಿಂಗಳ ತನಕ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೂ ಶುಲ್ಕ ಕಟ್ಟಿ ಹದಿನೈದು ವರ್ಷದ ತನಕ ಅವಕಾಶವಿದೆ. ಅಮೆರಿಕದಲ್ಲಿ ಹೆರಿಗೆಯಾದವರಿಗೆ ಈ ಬಿಡುವಿಲ್ಲ, ಸಾಮಾನ್ಯವಾಗಿ ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಹೆಸರಿನ ಅರ್ಜಿ ಕೈಗೆ ಬರುತ್ತದೆ. ಅಲ್ಲಿರುವ ಕನ್ನಡಿಗರು ಬಸುರಿದ್ದಾಗಲೇ ಊರಿಗೆ ಫೋನು ಮಾಡಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನಕ್ಕೆ ಜನನಪತ್ರವೇ ಆಧಾರ. ಮೇಷ್ಟರು ಶಾಲೆಯಲ್ಲಿ ಹೆಸರು ಬದಲಿಸಿ ಬರೆಯುವ ಕಾಲ ಮುಗಿಯಿತು. ಅದರಲ್ಲಿ ಏನು ಬರೆಸುತ್ತೇವೋ ಅದೇ.

ಆ ಹನ್ನೆರಡು ತಿಂಗಳಲ್ಲಿ ಹುಡುಕಲು ಜಾಗ ಬೇಕಾದಷ್ಟಿದೆ. ಹೊಲದ ಹಳೆಯ ಪಹಣಿ, ಮನೆಯ ಕ್ರಯಪತ್ರದಲ್ಲಿ ಬರುವ 'ಇಂಥವರ ಮಗ ಇಂಥವರು' ಎಂಬ ಸಾಲು, ದೇವಸ್ಥಾನದ ಮೆಟ್ಟಿಲಿನ ಮೇಲೆ ಕೆತ್ತಿಸಿದ ಸೇವಾಕರ್ತರ ಹೆಸರು, ಊರ ಮುಂದಿನ ವೀರಗಲ್ಲು. ಬಿ.ಎಲ್. ರೈಸ್ ಶುರುಮಾಡಿದ ಶಾಸನಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ನಿಮ್ಮ ತಾಲ್ಲೂಕು ಬರುವ ಸಂಪುಟ ತೆಗೆದರೆ, ನಿಮ್ಮೂರಲ್ಲೇ ಬಾಳಿದ ಎಂಟು ನೂರು ವರ್ಷ ಹಿಂದಿನವರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ದೊಡ್ಡ ಗ್ರಂಥಾಲಯಗಳಲ್ಲಿ ಆ ಸಂಪುಟಗಳಿವೆ.

ಅದಕ್ಕಿಂತ ಸಲೀಸಾದ ದಾರಿ ಹೆಳವರು. ಎತ್ತಿನೊಂದಿಗೆ, ಗಂಟೆ ಬಾರಿಸುತ್ತ ಸುಗ್ಗಿಯ ಹೊತ್ತಿಗೆ ಊರಿಗೆ ಬರುವ ಇವರು ತಮ್ಮ ಒಕ್ಕಲು ಮನೆಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು. ಹಿಂದೆ ಬಾಯಿಪಾಠ, ತಾಮ್ರಪಟ. ಈಗ ದಪ್ಪ ರಟ್ಟಿನ ಪುಸ್ತಕಗಳು. ನಿಮ್ಮ ಹಿರಿಯರು ಯಾವ ಊರಿಂದ ವಲಸೆ ಬಂದರು, ಯಾರಿಗೆ ಎಷ್ಟು ಮಕ್ಕಳು ಎಂಬುದು ನಿಮಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತು. ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, 'ಓದಿ ಯಜಮಾನ್ರೇ' ಎಂದರೆ ಒಂದೇ ಉಸಿರಿಗೆ ಏಳೆಂಟು ತಲೆಮಾರು ಇಳಿದು ಬರುತ್ತದೆ. ಕಡೆಗೆ ಅವರೇ ಕೇಳುತ್ತಾರೆ, ಹೋದ ಸಲ ಬಂದುಹೋದ ಮೇಲೆ ಮನೆಯಲ್ಲಿ ಕೂಸು ಹುಟ್ಟಿದೆಯೇ, ಹೆಸರೇನು ಬರೆದುಕೊಳ್ಳಲಿ ಎಂದು. ಇನ್ನೂ ಇಟ್ಟಿಲ್ಲ ಎನ್ನಿ. ಪುಸ್ತಕದ ಹಿಂದಿನ ಹಾಳೆಗಳನ್ನು ಇನ್ನೊಮ್ಮೆ, ನಿಧಾನವಾಗಿ ಓದಿಸಿ.